ಎರಡು ನಿಮಿಷದ ಒಳಗೆ

ಕುಂಬಾರಕೊಪ್ಪಲು, ಮೈಸೂರು
21 ಜನವರಿ 2002

ಚಿರಂಜೀವಿ ವಿಶ್ವನಾಥನಿಗೆ ನಿನ್ನ ಭಾವ ಶಿವರುದ್ರಪ್ಪನ ಶರಣು.

ಸಂಕ್ರಾಂತಿ ಮುಗಿಸಿಕೊಂಡು ನೀನು ಪುಣೆಗೆ ಹೊರಟು ವಾರವಾಯಿತು. ಕ್ಷೇಮ ಸಮಾಚಾರ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಬೇಕಾಗುತ್ತದೆ, ಅದಕ್ಕೇ ಅದನ್ನು ಬಿಟ್ಟಿದ್ದೇನೆ. ಎಡಗಣ್ಣು ಹಾಗೆಯೇ ಇದೆ. ಬಲಗಣ್ಣು ಮುಚ್ಚಿಕೊಂಡರೆ ಕಿಟಕಿ ಇರುವ ಕಡೆ ಸ್ವಲ್ಪ ಬೂದು ಬಣ್ಣ, ಮಿಕ್ಕದ್ದೆಲ್ಲ ಕತ್ತಲೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದೆ ರಕ್ತ ಸೋರಿದೆ, ಇದು ಇನ್ನು ಬರಲ್ಲ ಅಂತ ಡಾಕ್ಟರು ಹೇಳಿದಾಗ ನೀನು ನನ್ನ ಪಕ್ಕದಲ್ಲೇ ಇದ್ದೆ. ಅವರು, ನೀನು, ನಾನು, ಮೂರೇ ಜನಕ್ಕೆ ಈ ವಿಷಯ ಗೊತ್ತು. ನಿನ್ನಕ್ಕ ಪ್ರೇಮಲೀಲಾ ಬೆನ್ನುನೋವು ಅಂತಲೇ ನಂಬಿಕೊಂಡು ದಿನಾ ಎಣ್ಣೆ ತಿಕ್ಕುತ್ತಿದ್ದಾಳೆ. ಪಾಪ, ಇಲ್ಲದ ನೋವಿಗೆ ಅವಳ ಕೈ ಸೋಲುತ್ತಿದೆ.

ಮಾರ್ಚ್ ಮೊದಲ ವಾರದ ತನಕ ಬೆನ್ನುನೋವು ಅಂತಲೇ ರಜೆ ಬರೆದಿದ್ದೇನೆ. ಆಮೇಲೆ ಕಡಕೊಳದ ಬಟ್ಟೆ ಫ್ಯಾಕ್ಟರಿಯವರು ಒಂದು ಟ್ರಯಲ್ ತೆಗೆದುಕೊಂಡೇ ಗಾಡಿ ಕೊಡುವುದು. ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನು ನಾನು, ಅದರಲ್ಲಿ ಒಂಬತ್ತು ವರ್ಷ ಕೆಸರೆಯಿಂದ ಹೊಲಿಗೆ ಹೆಂಗಸರನ್ನು ಮಿನಿಬಸ್ಸಿನಲ್ಲಿ ಕರೆದುಕೊಂಡು ಹೋಗಿ ವಾಪಸು ತಂದುಬಿಟ್ಟವನು. ಒಂದು ನಾಯಿಗೂ ತಾಗಿಸಿದವನಲ್ಲ. ಗಾಡಿ ಹೋಯಿತು ಅಂದರೆ ಅಲ್ಲಿ ಬೇರೆ ಕೆಲಸ ಕೊಡುವ ಪದ್ಧತಿ ಇಲ್ಲ, ಸೀದಾ ಮನೆ. ಮಗಳು ಲಾಸ್ಯ ಈ ವರ್ಷ ತಾನೇ ಪಿಯುಸಿಗೆ ಸೇರಿದ್ದಾಳೆ. ಐವತ್ತೆರಡನೆಯ ವಯಸ್ಸಿನಲ್ಲಿ ಒಕ್ಕಣ್ಣನಿಗೆ ಯಾರು ಗಾಡಿ ಕೊಡುತ್ತಾರೆ, ಹೇಳು.

ಮೊನ್ನೆ ಪರೀಕ್ಷೆ ಮಾಡೋಣ ಅಂತ ಪಕ್ಕದ ಬೀದಿಯ ಜವರಪ್ಪನ ಅಂಬಾಸಿಡರ್ ಕಾರು ಕೇಳಿ ತೆಗೆದುಕೊಂಡೆ. ಅವನ ಗೇಟಿನ ಎಡಗಂಬಕ್ಕೇ ಉಜ್ಜಿಬಿಟ್ಟೆ. ನಾಯಿ ಅಡ್ಡ ಬಂತು ಅಂದೆ. ಅವನು ನಂಬಿದ, ನನಗೆ ಮಾತ್ರ ಆಮೇಲೆ ಊಟ ಸೇರಲಿಲ್ಲ. ನೀನು ಕಾರು ಫ್ಯಾಕ್ಟರಿಯ ಟೆಸ್ಟ್ ಡ್ರೈವರ್, ದಿನವಿಡೀ ಗಾಡಿಗಳ ನಾಡಿ ಹಿಡಿಯುವವನು. ರಸ್ತೆಗೆ ಇಳಿಯದೆ, ಯಾರ ಕಣ್ಣಿಗೂ ಬೀಳದೆ, ಕೈ ಪಳಗಿಸಿಕೊಳ್ಳಲು ಏನಾದರೂ ದಾರಿ ಇದ್ದರೆ ಬರೆ. ಮನೆಯ ವಿಳಾಸಕ್ಕೆ ಬೇಡ. ನಮ್ಮ ಬೀದಿಯ ತುದಿಯಲ್ಲಿ ನನ್ನ ಸ್ನೇಹಿತ ಏಕಾಂತಯ್ಯನ ಮಗ ಗುರುಕಿರಣ್ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾನೆ, ಅಲ್ಲಿಗೆ ಬರೆ. ಪಕ್ಕದ ನಂಜಯ್ಯನವರ ಮನೆಗೆ ಫೋನಂತೂ ಮಾಡಲೇಬೇಡ, ಬೀದಿಗೆಲ್ಲ ಡಂಗುರ ಆಗುತ್ತದೆ.

ಶಿವರುದ್ರಪ್ಪ

*

ಚಿಂಚವಡ, ಪುಣೆ
29 ಜನವರಿ 2002

ಪೂಜ್ಯ ಭಾವನವರಿಗೆ ವಿಶ್ವನಾಥನ ನಮಸ್ಕಾರಗಳು.

ನಿಮ್ಮ ಪತ್ರ ಓದಿದೆ. ಅಕ್ಕನಿಗೆ ಹೇಳಿಬಿಡಿ ಎಂದು ಬರೆಯೋಣವೆಂದುಕೊಂಡೆ. ನೀವು ಕೇಳುವವರಲ್ಲ ಎಂದು ಸುಮ್ಮನಾದೆ.

ಒಂದು ದಾರಿ ಇದೆ. ನಗಬೇಡಿ. ನನ್ನ ರೂಮಿನ ಜೊತೆಗಾರನ ಕಂಪ್ಯೂಟರಿನಲ್ಲಿ ಕಾರು ರೇಸಿನ ಒಂದು ಆಟವಿದೆ. ಮಕ್ಕಳ ಆಟಗಳಂತೆ ಇದರಲ್ಲಿ ಕಾರು ಗಾಳಿಯಲ್ಲಿ ಹಾರುವುದಿಲ್ಲ. ಇದನ್ನು ಮಾಡಿದವರು ಗಾಡಿ ಬಲ್ಲವರು. ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬರುತ್ತದೆ, ತಿರುವಿನ ಮಧ್ಯೆ ಗಾಬರಿಯಿಂದ ಕಾಲು ತೆಗೆದರೆ ಹಿಂಭಾಗ ತೂಗಿಕೊಂಡು ಹೊರಗೆ ಹೋಗುತ್ತದೆ. ಟೈರು ಬಿಸಿಯಾಗುವ ತನಕ ಹಿಡಿತ ಸಿಗುವುದಿಲ್ಲ. ಗೇರು ತಪ್ಪಾಗಿ ಹಾಕಿದರೆ ಎಂಜಿನ್ ಕಿರುಚುತ್ತದೆ. ನಾನು ಹಗಲು ಟ್ರ್ಯಾಕಿನಲ್ಲಿ ಓಡಿಸಿದ್ದಕ್ಕೂ ಸಂಜೆ ಇದರಲ್ಲಿ ಓಡಿಸಿದ್ದಕ್ಕೂ ಕೈಗೆ ಬಹಳ ವ್ಯತ್ಯಾಸ ತಿಳಿಯುವುದಿಲ್ಲ. ಕೊರತೆಗಳೂ ಇವೆ. ರಸ್ತೆಯಲ್ಲಿ ಒಂದು ಗುಂಡಿಯೂ ಇಲ್ಲ, ಮಳೆಯಿಲ್ಲ, ಗೋಡೆಗೆ ಗುದ್ದಿದರೂ ಬಾನೆಟ್ ನಜ್ಜಾಗುವುದಿಲ್ಲ. ಆದರೆ ನಿಮಗೆ ಬೇಕಾದದ್ದು ಅಂದಾಜು ಮತ್ತು ಧೈರ್ಯ. ಅವೆರಡೂ ಇದರಲ್ಲಿ ಸಿಗುತ್ತವೆ.

ಸಹೋದ್ಯೋಗಿಯೊಬ್ಬರು ಮೈಸೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಸಿ.ಡಿ. ಮತ್ತು ಒಂದು ಹಳೆಯ ಆಟದ ಸ್ಟೇರಿಂಗ್, ಪೆಡಲು ಕಳಿಸುತ್ತಿದ್ದೇನೆ. ಗುರುಕಿರಣ್ ಜೋಡಿಸಿಕೊಡಲಿ. ಅದರಲ್ಲಿ ಗುಡ್ಡದ ಟ್ರ್ಯಾಕ್ ಎಂದು ಒಂದಿದೆ, ಹದಿನಾಲ್ಕು ತಿರುವು. ಒಂದು ಸುತ್ತಿಗೆ ನನ್ನ ಅತ್ಯುತ್ತಮ ಕಾಲ ಒಂದು ನಿಮಿಷ ಐವತ್ತೆರಡು ಸೆಕೆಂಡು. ನೀವು ಎರಡು ನಿಮಿಷದ ಒಳಗೆ ಬಂದ ದಿನ ನಿಮ್ಮ ಕಣ್ಣು ರಸ್ತೆಗೆ ಸಾಕು ಎಂದು ನಾನೇ ಬರೆದುಕೊಡುತ್ತೇನೆ. ಅಲ್ಲಿಯವರೆಗೆ ಯಾವ ಗಾಡಿಯನ್ನೂ ಮುಟ್ಟಬೇಡಿ.

ನಿಮ್ಮ,
ವಿಶ್ವನಾಥ್

*

ಕುಂಬಾರಕೊಪ್ಪಲು
12 ಫೆಬ್ರವರಿ 2002

ವಿಶ್ವ,

ನಿನ್ನ ಆಟ ಬಂತು. ಗುರುಕಿರಣ್ ಮೂಲೆಯ ಕಂಪ್ಯೂಟರಿಗೆ ಜೋಡಿಸಿಕೊಟ್ಟ. ಮೊದಲ ದಿನ ನನ್ನ ಮಾನ ಹೋಯಿತು ಕಣಪ್ಪ. ಮೊದಲ ತಿರುವಿನಲ್ಲೇ ಹುಲ್ಲಿಗೆ ಇಳಿದೆ, ಎರಡನೆಯದರಲ್ಲಿ ಗೋಡೆ, ಮೂರನೆಯದರಲ್ಲಿ ತಿರುಗಿ ಬಂದ ದಾರಿಯಲ್ಲೇ ಹೊರಟೆ. ಗುರುಕಿರಣ್ ನಗಬಾರದು ಅಂತ ತುಟಿ ಕಚ್ಚಿಕೊಂಡು ನಿಂತಿದ್ದ. ಒಂದು ಸುತ್ತು ಮುಗಿಯುವಷ್ಟರಲ್ಲಿ ನಾಲ್ಕು ನಿಮಿಷದ ಮೇಲಾಗಿತ್ತು.

ಈಗ ಎರಡು ನಿಮಿಷ ನಲವತ್ತೊಂದು. ನಿನ್ನ ಮಾತು ನಿಜ, ಬ್ರೇಕಿನ ವಿಷಯದಲ್ಲಿ ಈ ಆಟ ಸುಳ್ಳು ಹೇಳುವುದಿಲ್ಲ. ದುಡುಕಿದವನನ್ನು ಹೊರಗೆ ಎಸೆಯುತ್ತದೆ, ತಾಳ್ಮೆ ಇದ್ದವನಿಗೆ ದಾರಿ ಕೊಡುತ್ತದೆ. ಎಂಜಿನ್ ಸದ್ದು ಕೇಳಿಯೇ ಗೇರು ಬದಲಾಯಿಸಬಹುದು, ಅಷ್ಟು ಚೆನ್ನಾಗಿದೆ. ಆದರೆ ಇದನ್ನು ಮಾಡಿದವರು ನಮ್ಮ ಕಡೆ ಒಂದು ಸಲವೂ ಬಂದಿಲ್ಲ. ಸ್ಟೇರಿಂಗ್ ಎಡಗಡೆ ಇಟ್ಟಿದ್ದಾರೆ. ಹಾರನ್ನೇ ಇಲ್ಲ! ಹಾರನ್ ಇಲ್ಲದ್ದು ಎಂಥ ಗಾಡಿ? ಎಮ್ಮೆ ಇಲ್ಲ, ಸೈಕಲ್ ಇಲ್ಲ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಕೈ ಅಡ್ಡ ತೋರಿಸಿ ನುಗ್ಗುವ ಹೆಂಗಸಿಲ್ಲ. ಇಡೀ ರಸ್ತೆ ಒಬ್ಬನಿಗೇ ಬರೆದುಕೊಟ್ಟಿದ್ದಾರೆ. ಗಾಡಿಯ ಒಳಗೂ ಯಾರೂ ಇಲ್ಲ. ನನಗೆ ಹಿಂದಿನಿಂದ ಹೆಂಗಸರ ಮಾತು ಕೇಳುತ್ತಿರಬೇಕು, ಆಗಲೇ ಕಾಲು ಹತೋಟಿಯಲ್ಲಿರುತ್ತದೆ.

ನಿನ್ನಕ್ಕನಿಗೆ ಮಠದಲ್ಲಿ ಸಂಜೆ ಪ್ರವಚನ ಇದೆ ಅಂತ ಹೇಳಿ ಬರುತ್ತಿದ್ದೇನೆ. ಈ ವಯಸ್ಸಿನಲ್ಲಾದರೂ ಬುದ್ಧಿ ಬಂತಲ್ಲ ಅಂತ ಅವಳಿಗೆ ಸಂತೋಷ. ನಿನ್ನೆ ಪ್ರವಚನದಲ್ಲಿ ಏನು ಹೇಳಿದರು ಅಂತ ಕೇಳಿದಳು. ತಿರುವಿಗೆ ಮುಂಚೆಯೇ ನಿಧಾನಿಸಬೇಕು, ತಿರುವಿನೊಳಗೆ ಹೋದ ಮೇಲೆ ಒದ್ದಾಡಿ ಪ್ರಯೋಜನ ಇಲ್ಲ ಅಂತ ಹೇಳಿದರು ಅಂದೆ. ಬಹಳ ದೊಡ್ಡ ಮಾತು ಅಂತ ಕೈ ಮುಗಿದಳು. ನನಗೆ ನಗು ಬರಲಿಲ್ಲ.

ಶಿವರುದ್ರಪ್ಪ

*

ಚಿಂಚವಡ
20 ಫೆಬ್ರವರಿ 2002

ಪೂಜ್ಯ ಭಾವನವರಿಗೆ,

ಎರಡು ವಾರದೊಳಗೆ ಎರಡು ನಲವತ್ತೊಂದಕ್ಕೆ ಇಳಿದಿದ್ದೀರಿ. ನನ್ನ ರೂಮಿನ ಜೊತೆಗಾರ ನಂಬುವುದಿಲ್ಲ. ನಮ್ಮ ಭಾವ ಹುಟ್ಟು ಡ್ರೈವರ್ ಎಂದು ಅವನಿಗೆ ಹೇಳಿದೆ.

ಐದನೆಯ ತಿರುವಿಗೆ ಮೂರನೇ ಗೇರು ಸಾಕು. ಒಂಬತ್ತನೆಯದು ಏರಿನ ಆಚೆ ಇರುವುದರಿಂದ ಕಾಣುವುದಿಲ್ಲ, ಎಡಗಡೆಯ ಬಿಳಿ ಗೋಡೆ ಮುಗಿಯುವಲ್ಲಿ ಬ್ರೇಕ್ ಹಿಡಿಯಿರಿ. ಕಣ್ಣಿನ ಔಷಧಿ, ಸಕ್ಕರೆ ಮಾತ್ರೆ ತಪ್ಪಿಸಬೇಡಿ. ಕಾಲ ಎಷ್ಟಾಯಿತೆಂದು ಕೂಡಲೇ ಬರೆಯಿರಿ, ಇಲ್ಲಿ ನಾವಿಬ್ಬರೂ ಕಾಯುತ್ತಿರುತ್ತೇವೆ.

ವಿಶ್ವನಾಥ್

*

ಕುಂಬಾರಕೊಪ್ಪಲು
3 ಮಾರ್ಚ್ 2002

ವಿಶ್ವ,

ಒಂದು ನಿಮಿಷ ಐವತ್ತೆಂಟು!

ನಿನ್ನೆ ಸಂಜೆ. ಗುರುಕಿರಣ್ ಎದ್ದು ನಿಂತು ಚಪ್ಪಾಳೆ ಹೊಡೆದ. ಒಂದೇ ಸಲದ ಅದೃಷ್ಟ ಅಂತ ನೀನು ಹೇಳಬಾರದು ಅಂತ ಇನ್ನೂ ಎರಡು ಸಲ ಓಡಿಸಿದೆ. ಐವತ್ತೊಂಬತ್ತು, ಮತ್ತೆ ಐವತ್ತೆಂಟು. ಒಂದು ಗೋಡೆಗೂ ತಾಗಲಿಲ್ಲ, ಹುಲ್ಲು ಸೋಕಲಿಲ್ಲ. ಸೆಂಟರಿನ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ ಕಣೋ.

ಮನೆಯಲ್ಲಿ ಮಾತ್ರ ಈ ಕಣ್ಣು ಆಟ ಆಡಿಸುತ್ತದೆ. ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತದೆ. ನಿನ್ನಕ್ಕ ನನ್ನ ಗಮನ ಎಲ್ಲಿದೆ ಅಂತ ಬೈಯುತ್ತಾಳೆ, ಪ್ರವಚನ ತಲೆಗೆ ಹತ್ತಿದೆ ಅಂತ ಹಂಗಿಸುತ್ತಾಳೆ. ಮೆಟ್ಟಿಲಿಳಿಯುವಾಗ ಕೊನೆಯದು ಮುಗಿಯಿತು ಅಂದುಕೊಂಡರೆ ಇನ್ನೊಂದು ಇರುತ್ತದೆ. ಗಾಡಿಗೂ ಇದಕ್ಕೂ ಸಂಬಂಧವಿಲ್ಲ ಬಿಡು. ನೀರು ಬಗ್ಗಿಸುವುದಕ್ಕೆ ಯಾರೂ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿಲ್ಲ.

ಟ್ರಯಲ್ ಹನ್ನೊಂದನೆಯ ತಾರೀಖು, ಸೋಮವಾರ. ಎರಡು ನಿಮಿಷ ಅಂದವನು ನೀನು. ಬರೆದುಕೊಡುತ್ತೇನೆ ಅಂದಿದ್ದೆ, ಈಗ ಬರೆ. ನನಗೆ ಅದು ಜೇಬಿನಲ್ಲಿ ಇರಬೇಕು.

ಶಿವರುದ್ರಪ್ಪ

*

ಚಿಂಚವಡ
10 ಮಾರ್ಚ್ 2002

ಪೂಜ್ಯ ಭಾವನವರಿಗೆ,

ನಿಮ್ಮ ಪತ್ರ ಶುಕ್ರವಾರ ತಲುಪಿತು. ಐವತ್ತೆಂಟು ನಿಜವಾಗಿಯೂ ದೊಡ್ಡದು.

ಸಾಧ್ಯವಾದರೆ ಟ್ರಯಲ್ಲನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ನಾನು ಇಲ್ಲಿ ಒಂದು ವಿಷಯ ನೋಡುತ್ತಿದ್ದೇನೆ. ಖಚಿತವಾದ ಮೇಲೆ ಬರೆಯುತ್ತೇನೆ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಹನ್ನೊಂದು ಕಳೆದಿರುತ್ತದೆಂದು ಗೊತ್ತು. ಆದರೂ ಬರೆಯುತ್ತಿದ್ದೇನೆ.

ವಿಶ್ವನಾಥ್

*

ಕುಂಬಾರಕೊಪ್ಪಲು
12 ಮಾರ್ಚ್ 2002, ಶಿವರಾತ್ರಿ

ವಿಶ್ವ,

ಪಾಸಾದೆ. ಶಿವ ದೊಡ್ಡವನು.

ಕಣ್ಣಿನ ಪಟ್ಟಿ ಓದಿಸಿದರು. ಎಡಗಣ್ಣು ಮುಚ್ಚಿ ಅಂದರು, ಮುಚ್ಚಿ ಓದಿದೆ. ಬಲಗಣ್ಣು ಮುಚ್ಚಿ ಅಂದಾಗ ಬೆರಳ ಸಂದಿಯಿಂದ ಅದೇ ಕಣ್ಣಲ್ಲೇ ಓದಿದೆ. ಆಮೇಲೆ ಅಂಗಳದಲ್ಲಿ ಎರಡು ಸುತ್ತು, ನಂಜನಗೂಡು ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ ವಾಪಸು. ಮ್ಯಾನೇಜರ್ ಕೃಷ್ಣಸ್ವಾಮಿಯವರು ಪಕ್ಕದಲ್ಲೇ ಕೂತಿದ್ದರು. ಬೆನ್ನು ಸರಿಹೋದ ಮೇಲೆ ನಿಮ್ಮ ಕೈ ಇನ್ನೂ ಸಾಪಾಗಿದೆ ಅಂದರು. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿಯುತ್ತಿದ್ದೆ ನೋಡು, ನಿನ್ನ ಆಟ ಕಲಿಸಿದ್ದು.

ಹದಿನೆಂಟರಿಂದ ಗಾಡಿ ನನ್ನದು. ಹದಿನಾರು ಹೆಂಗಸರು. ನಿನ್ನಕ್ಕ ಇವತ್ತು ಉಪವಾಸ ಇದ್ದರೂ ಮುಖ ತುಂಬಿಕೊಂಡು ಓಡಾಡುತ್ತಿದ್ದಾಳೆ. ನಿನ್ನ ಆಟ ನನ್ನ ಅನ್ನ ಉಳಿಸಿತು ವಿಶ್ವ. ನಿನ್ನ ಹೊಟ್ಟೆ ತಣ್ಣಗಿರಲಿ.

ಶಿವರುದ್ರಪ್ಪ

*

ಕುಂಬಾರಕೊಪ್ಪಲು
22 ಮಾರ್ಚ್ 2002

ವಿಶ್ವ,

ನಿನ್ನ ಹತ್ತನೇ ತಾರೀಖಿನ ಕಾಗದ ಬಂತು. ಆಮೇಲೆ ಏನೂ ಇಲ್ಲ. ನೋಡುತ್ತಿದ್ದೇನೆ ಅಂದರೆ ಏನನ್ನು? ಖಚಿತವಾಗಬೇಕಾದದ್ದು ಯಾವುದು? ಅದು ನನ್ನ ತಲೆಯಲ್ಲಿ ಕೂತು ಕೊರೆಯುತ್ತಿದೆ. ಗುರುಕಿರಣ್ ಮುಂದೆ ನಾಲ್ಕು ಸಲ ಹೋಗಿ ಅಂಚೆ ಬಂತಾ ಅಂತ ಕೇಳಿದ್ದಾಯಿತು.

ಐದು ದಿನ ಓಡಿಸಿದ್ದೇನೆ. ಎಡಗಡೆಯದನ್ನು ನೋಡಬೇಕಾದರೆ ಕತ್ತನ್ನು ಪೂರ್ತಿ ತಿರುಗಿಸಬೇಕು, ಆಗ ಮುಂದಿನದು ತಪ್ಪುತ್ತದೆ. ಸಂಜೆಗೆ ಕತ್ತು ಕಟ್ಟಿಕೊಳ್ಳುತ್ತದೆ. ನಿನ್ನೆ ಒಂದು ಆಟೋಗೆ ತಾಗಿ ಎಡಗಡೆಯ ಕನ್ನಡಿ ಒಡೆಯಿತು. ಆಟೋದವನದೇ ತಪ್ಪು ಅಂತ ಎಲ್ಲ ಹೆಂಗಸರೂ ಸೇರಿ ಅವನನ್ನೇ ಬೈದು ಓಡಿಸಿದರು. ನಾನು ಸ್ಟೇರಿಂಗ್ ಹಿಡಿದು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆಟೋ ಅಲ್ಲಿತ್ತು ಅಂತಲೇ ನನಗೆ ಗೊತ್ತಿರಲಿಲ್ಲ.

ರೂಢಿ ತಪ್ಪಿತ್ತು, ಸರಿಹೋಗುತ್ತದೆ. ಏನಾದರೂ ಹೇಳುವುದಿದ್ದರೆ ನೇರವಾಗಿ ಹೇಳು, ಇಲ್ಲದಿದ್ದರೆ ಏನೂ ಇಲ್ಲ ಅಂತ ಒಂದು ಕಾರ್ಡು ಹಾಕು.

ಶಿವರುದ್ರಪ್ಪ

*

ಚಿಂಚವಡ
29 ಮಾರ್ಚ್ 2002

ಭಾವ,

ಇವತ್ತೇ ನಿಲ್ಲಿಸಿ. ಈ ಪತ್ರ ಕೈಗೆ ಬಂದ ದಿನವೇ ಬೀಗದಕೈ ಕೊಟ್ಟು ಮನೆಗೆ ಬನ್ನಿ. ಕಾರಣ ಕೆಳಗೆ ಬರೆಯುತ್ತೇನೆ, ಮೊದಲು ಇದನ್ನು ಮಾಡಿ.

ನೀರು ಲೋಟದ ಪಕ್ಕಕ್ಕೆ ಬೀಳುತ್ತದೆ ಎಂದು ಬರೆದಿದ್ದಿರಲ್ಲ, ಅದು ಮನಸ್ಸಿಗೆ ಚುಚ್ಚಿಕೊಂಡಿತು. ಮಾರ್ಚ್ ಹತ್ತು, ಭಾನುವಾರ ಬೆಳಿಗ್ಗೆ ನನ್ನ ಎಡಗಣ್ಣಿಗೆ ಹತ್ತಿಯಿಟ್ಟು ಪ್ಲಾಸ್ಟರ್ ಅಂಟಿಸಿಕೊಂಡು ಆಟ ಆಡಿದೆ. ಒಂದು ನಿಮಿಷ ಐವತ್ತಮೂರು. ಎರಡು ಕಣ್ಣಿಗಿಂತ ಒಂದೇ ಸೆಕೆಂಡು ಹೆಚ್ಚು. ಹಾಗೆಯೇ ಪ್ಲಾಸ್ಟರ್ ಇಟ್ಟುಕೊಂಡು ಟ್ರ್ಯಾಕಿಗೆ ಹೋಗಿ ಕಾರು ತೆಗೆದೆ. ಹತ್ತು ಕೆಂಪು ಪ್ಲಾಸ್ಟಿಕ್ ಕೋನುಗಳ ನಡುವೆ ನಡೆಯುವ ವೇಗದಲ್ಲಿ ಹೋಗಬೇಕು. ನಾಲ್ಕನ್ನು ಬೀಳಿಸಿದೆ. ಎಡಗಡೆ ಬಾವುಟ ಹಿಡಿದು ನನ್ನ ಸ್ನೇಹಿತ ನಿಂತಿದ್ದ. ಅವನು ಕೂಗಿಕೊಂಡ ಮೇಲೆಯೇ ನನಗೆ ಕಂಡದ್ದು.

ಮುಂದಿನದು ಎಷ್ಟು ಹತ್ತಿರ ಇದೆ ಎಂದು ಎರಡು ಕಣ್ಣು ಕೂಡಿ ಅಳೆಯುತ್ತವೆ ಭಾವ. ಕಂಪ್ಯೂಟರಿನ ಪರದೆ ಚಪ್ಪಟೆ. ಅಲ್ಲಿ ಹತ್ತಿರ, ದೂರ ಎರಡೂ ಒಂದೇ ಗಾಜಿನ ಮೇಲಿರುತ್ತವೆ. ಎರಡು ಕಣ್ಣಿನವನೂ ಅಲ್ಲಿ ಒಕ್ಕಣ್ಣನೇ. ಇರುವುದೆಲ್ಲ ಮೂಗಿನ ಮುಂದಿನ ಆ ಪೆಟ್ಟಿಗೆಯೊಳಗೆ, ಪಕ್ಕದಿಂದ ಯಾರೂ ಬರುವುದಿಲ್ಲ. ಗುಂಡಿಯಿಲ್ಲ, ಮಳೆಯಿಲ್ಲ ಎಂದು ಆಟದ ಕೊರತೆಗಳನ್ನು ನಿಮಗೆ ಬರೆದು ಕಳಿಸಿದ ಮಹಾ ಬುದ್ಧಿವಂತ ನಾನು. ಮುಖ್ಯವಾದದ್ದು ನನಗೆ ಹೊಳೆಯಲೇ ಇಲ್ಲ. ಎರಡು ನಿಮಿಷ ಎಂದು ನಾನು ಇಟ್ಟ ಪರೀಕ್ಷೆಗೆ ನಿಮ್ಮ ಎಡಗಣ್ಣು ಬೇಕಾಗಿಯೇ ಇರಲಿಲ್ಲ.

ಆಗಲೇ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ಹದಿನೇಳರಂದು ನೀವು ಬೇಡವೆಂದರೂ ನಂಜಯ್ಯನವರ ಮನೆಗೆ ಫೋನ್ ಮಾಡಿದೆ. ಅಕ್ಕ ಬಂದಳು. ನಾನು ಬಾಯಿ ತೆರೆಯುವ ಮೊದಲೇ, "ವಿಶ್ವ, ನಾಳೆಯಿಂದ ನಿಮ್ಮ ಭಾವ ಗಾಡಿಗೆ ಹೋಗ್ತಾರೆ ಕಣೋ, ಎಷ್ಟು ಖುಷಿಯಾಗವ್ರೆ ಗೊತ್ತಾ" ಅಂದಳು. ಯುಗಾದಿಗೆ ಬಾ ಅಂದಳು. ನೋಡುತ್ತೇನೆ ಎಂದು ಫೋನ್ ಇಟ್ಟೆ. ಆಮೇಲೆ ದಿನಾ ಕಾಗದ ತೆಗೆದು ಮಡಿಚಿಟ್ಟೆ. ನಿಮ್ಮ ಬಾಯಿಂದ ಹೊಗಳಿಸಿಕೊಂಡವನಿಗೆ ಅದನ್ನು ವಾಪಸು ಕೊಡಲು ಮನಸ್ಸು ಬರಲಿಲ್ಲ. ಇದಕ್ಕಿಂತ ಬೇರೆ ಕಾರಣ ಇಲ್ಲ.

ನಿಲ್ಲಿಸಿದ್ದೇನೆ ಎಂದು ಹತ್ತನೇ ತಾರೀಖಿನೊಳಗೆ ಪತ್ರ ಬರದಿದ್ದರೆ ನಾನೇ ಕೃಷ್ಣಸ್ವಾಮಿಯವರಿಗೆ ಬರೆಯುತ್ತೇನೆ.

ವಿಶ್ವನಾಥ್

*

ಕುಂಬಾರಕೊಪ್ಪಲು
4 ಏಪ್ರಿಲ್ 2002

ವಿಶ್ವನಾಥನಿಗೆ,

ಚೆನ್ನಾಗಿದೆ ನಿನ್ನ ನ್ಯಾಯ. ಏಣಿ ಹತ್ತಿಸಿದವನೂ ನೀನೇ, ಈಗ ಏಣಿ ಎಳೆಯುವವನೂ ನೀನೇ. ಎರಡು ನಿಮಿಷ ಅಂತ ನಾನು ಕೇಳಿದ್ದೆನಾ? ಮೊದಲನೇ ಕಾಗದದಲ್ಲೇ ಆಗಲ್ಲ ಭಾವ, ಮನೆಯಲ್ಲಿರಿ ಅಂತ ಬರೆದಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದೆ. ಆಸೆ ಹುಟ್ಟಿಸಿ, ಓಡಿಸಿ, ಪಾಸು ಮಾಡಿಸಿ, ಈಗ ಎಲ್ಲ ಗಾಜಿನ ಮೇಲಿನ ಗೊಂಬೆ ಅನ್ನುತ್ತೀಯಲ್ಲ. ನಾನು ಏನು ನಿನ್ನ ಟ್ರ್ಯಾಕಿನ ಕೋನಾ?

ಈ ಮೇಲಿನದನ್ನು ಬರೆದು ನಿನ್ನ ಕಾಗದವನ್ನು ಮತ್ತೊಂದು ಸಲ ಓದಿದೆ. ನೀನು ಹೇಳಿದ್ದು ನಿಜ ಅಂತ ನನಗೆ ಗೊತ್ತು. ಆ ಕನ್ನಡಿ ಒಡೆದ ದಿನವೇ ಗೊತ್ತಾಯಿತು. ಗಾಡಿ ನಿಲ್ಲಿಸುವಾಗ ಮುಂದಿನ ಗಾಡಿಗೆ ಇನ್ನೂ ಜಾಗ ಇದೆ ಅನ್ನಿಸುತ್ತದೆ, ಇಳಿದು ನೋಡಿದರೆ ಒಂದು ಗೇಣು. ದಿನಾ ಬೆಳಿಗ್ಗೆ ಕೆಸರೆಗೆ ಹೋಗುವಾಗ ಇವತ್ತೊಂದು ದಿನ ಕಾಪಾಡು ಅಂತ ಕೇಳಿಕೊಳ್ಳುತ್ತೇನೆ. ಸಂಜೆ ಅವರೆಲ್ಲ ಇಳಿದ ಮೇಲೆ ಅಂಗಿ ಹಿಂಡಬಹುದು, ಅಷ್ಟು ಬೆವರು.

ಆದರೂ ಬಿಡಲಾರೆ ವಿಶ್ವ. ಬಿಟ್ಟರೆ ನಿನ್ನಕ್ಕನಿಗೆ ಕಣ್ಣಿನ ವಿಷಯ ಹೇಳಬೇಕು, ಎಣ್ಣೆ ತಿಕ್ಕಿಸಿಕೊಂಡದ್ದು ಹೇಳಬೇಕು, ಪ್ರವಚನದ್ದು ಹೇಳಬೇಕು. ಒಂದು ಸುಳ್ಳಿಗೆ ನಾಲ್ಕು ತಿಂಗಳ ಸುಳ್ಳು ಸುತ್ತಿಕೊಂಡಿದೆ. ಜೂನ್ ತನಕ ಬಿಡು. ಅಷ್ಟರೊಳಗೆ ನಾನೇ ಬೆನ್ನುನೋವು ಅಂತ ಮಾಡಿ ಮರ್ಯಾದೆಯಿಂದ ಬಿಡುತ್ತೇನೆ. ನಾನು ನಿನ್ನ ಅಕ್ಕನ ಗಂಡ, ನಿನಗಿಂತ ಹದಿನೆಂಟು ವರ್ಷ ದೊಡ್ಡವನು, ಯಾರ ಮುಂದೆಯೂ ತಲೆ ಬಗ್ಗಿಸಿದವನಲ್ಲ. ನಿನ್ನ ಕಾಲು ಹಿಡಿಯುತ್ತೇನೆ. ಕೃಷ್ಣಸ್ವಾಮಿಯವರಿಗೆ ಬರೆಯಬೇಡ.

ಶಿವರುದ್ರಪ್ಪ

*

ಚಿಂಚವಡ
11 ಏಪ್ರಿಲ್ 2002

ಭಾವ,

ನಿಮ್ಮ ಪತ್ರ ಮೊನ್ನೆ ಬಂತು. ಅದನ್ನು ಎದುರಿಗಿಟ್ಟುಕೊಂಡೇ ಇವತ್ತು ಬೆಳಿಗ್ಗೆ ಕೃಷ್ಣಸ್ವಾಮಿಯವರಿಗೆ ಬರೆದು, ಅಂಚೆ ಕಚೇರಿಗೆ ನಾನೇ ಹೋಗಿ ಹಾಕಿ ಬಂದೆ. ಕಣ್ಣಿನ ವಿಷಯ, ಡಾಕ್ಟರ ಮಾತು, ನಾನು ಮಾರ್ಚ್ ಹತ್ತರಂದು ಮಾಡಿ ನೋಡಿದ್ದು, ಎಲ್ಲ ಬರೆದಿದ್ದೇನೆ. ನನ್ನ ಹೆಸರು, ಸಹಿ ಇದೆ.

ನನ್ನ ಮುಖ ನೋಡಬೇಡಿ, ಶಪಿಸಿ. ಅಕ್ಕನ ಮುಂದೆ ಎಲ್ಲ ತಪ್ಪೂ ನನ್ನದೆಂದು ಹೇಳಿ, ನಾನು ಒಪ್ಪಿಕೊಳ್ಳುತ್ತೇನೆ. ಆ ಕಾಗದ ತಲುಪುವ ತನಕವಾದರೂ ಗಾಡಿ ಮುಟ್ಟಬೇಡಿ. ನಾಲ್ಕೈದು ದಿನ ಅಷ್ಟೇ, ಜ್ವರ ಎಂದು ಹೇಳಿ ಮಲಗಿ. ಬೇಡಿಕೊಳ್ಳುತ್ತೇನೆ.

ವಿಶ್ವನಾಥ್

*

ಕುಂಬಾರಕೊಪ್ಪಲು
20 ಏಪ್ರಿಲ್ 2002

ವಿಶ್ವನಾಥನಿಗೆ,

ಜ್ವರ ಅಂತ ಮಲಗು ಅಂದ ನಿನ್ನ ಕಾಗದ ನನಗೆ ಬಂದದ್ದು ಹದಿನೇಳನೇ ತಾರೀಖು. ಕೃಷ್ಣಸ್ವಾಮಿಯವರಿಗೆ ಬರೆದದ್ದೂ ಅವತ್ತೇ ತಲುಪಿತು. ಹದಿನಾರನೇ ತಾರೀಖು ಸಂಜೆ ಎಲ್ಲ ಮುಗಿದಿತ್ತು.

ಕೆಸರೆಯಲ್ಲಿ ಒಂದೇ ನಿಲುಗಡೆ, ಹದಿನಾರೂ ಜನ ಅಲ್ಲೇ ಇಳಿಯುವುದು. ಕೊನೆಗೆ ಇಳಿಯುವವಳು ಗಾಡಿಯ ಮೈಗೆ ಎರಡು ಸಲ ತಟ್ಟಿದರೆ ನಾನು ಹೊರಡುವುದು, ಒಂಬತ್ತು ವರ್ಷದಿಂದ ಹಾಗೆಯೇ. ಬಿಂದು ಅಂತ ಒಬ್ಬಳು ತಟ್ಟಿದಳು. ಅವಳಿಗಿಂತ ಮುಂಚೆ ಇಳಿದಿದ್ದ ರಮಾಮಣಿ ಗಾಡಿಯ ಮುಂದೆ ಎಡಮೂಲೆಯಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದ್ದಳು. ನಾನು ಕತ್ತು ತಿರುಗಿಸುವುದನ್ನು ಮರೆತೆನೋ, ತಿರುಗಿಸಿಯೂ ಕಾಣಲಿಲ್ಲವೋ, ದೇವರಾಣೆಗೂ ಗೊತ್ತಿಲ್ಲ. ಮುಂದಿನ ಚಕ್ರ ಅವಳ ಬಲಗಾಲಿನ ಮೇಲೆ ಹೋಯಿತು. ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಇಪ್ಪತ್ತೇಳು ವರ್ಷ ಅವಳಿಗೆ. ಹೊಲಿಗೆ ಮೆಷಿನ್ನಿನ ಪೆಡಲು ಒತ್ತುವುದು ಆ ಕಾಲಿನಲ್ಲೇ.

ಯಾರೂ ನನ್ನನ್ನು ಬೈಯಲಿಲ್ಲ. ಅದೇ ತಡೆಯಲಾಗುತ್ತಿಲ್ಲ. ನಮ್ಮ ಡ್ರೈವರಣ್ಣನ ತಪ್ಪಿಲ್ಲ, ಅವಳೇ ಬಗ್ಗಿದ್ದು ಅಂತ ಹದಿನೈದು ಹೆಂಗಸರೂ ಪೊಲೀಸರ ಮುಂದೆ ಸಾಕ್ಷಿ ಹೇಳಿದರು. ಮರುದಿನ ಕೃಷ್ಣಸ್ವಾಮಿಯವರು ರೂಮಿಗೆ ಕರೆದು ಬಾಗಿಲು ಹಾಕಿ ನಿನ್ನ ಕಾಗದವನ್ನು ಮೇಜಿನ ಮೇಲೆ ಇಟ್ಟರು. ಅವರೇ ಟ್ರಯಲ್ ತೆಗೆದುಕೊಂಡವರು, ಅವರ ಬುಡಕ್ಕೂ ಬರುತ್ತದೆ.

"ಇದನ್ನ ನಾನು ನೋಡಿಲ್ಲ ಶಿವರುದ್ರಪ್ಪನೋರೆ. ತಗೊಂಡೋಗಿ ಹರಿದಾಕ್ಬುಡಿ. ಒಲೆಗೆ ಹಾಕಿದ್ರೆ ಇನ್ನೂ ಒಳ್ಳೇದು" ಅಂದರು.

ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಹರಿದರೆ ಸಾಕಿತ್ತು ವಿಶ್ವ. ಕೆಲಸ ಉಳಿಯದಿದ್ದರೂ ಹೆಸರು ಉಳಿಯುತ್ತಿತ್ತು. ಹರಿಯಲು ಹೋದಾಗಲೆಲ್ಲ ಆಸ್ಪತ್ರೆಯಲ್ಲಿ ಅವಳ ತಾಯಿ ನನ್ನ ಕೈ ಹಿಡಿದು ನೀವೇನ್ ಮಾಡ್ತೀರಪ್ಪ ಅಂತ ನನಗೇ ಸಮಾಧಾನ ಹೇಳಿದ್ದು ಎದುರಿಗೆ ಬರುತ್ತಿತ್ತು. ಕೊನೆಗೆ ಆ ಕಾಗದವನ್ನು ನಿನ್ನಕ್ಕನ ಕೈಗೆ ಕೊಟ್ಟೆ. ಅವಳು ಕೊನೆಯ ತನಕ ಓದಿದಳು. ಆಮೇಲೆ ಒಂದೇ ಕೇಳಿದಳು. "ನಂಗೆ ಹೇಳಿದ್ರೆ ನಾನೇನು ನಿಮ್ಮನ್ನ ಮನೆಯಿಂದ ಆಚೆ ಹಾಕ್ತಿದ್ನಾ?"

ಹಾಕುತ್ತಿರಲಿಲ್ಲ. ಅಷ್ಟು ಸಣ್ಣ ಮಾತು ನನಗೆ ಹೊಳೆಯಲಿಲ್ಲ ನೋಡು. ಬರೀ ಗಾಡಿ, ಗಾಡಿ ಅಂದುಕೊಂಡೆ.

ನಿನ್ನೆ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬರೆದುಕೊಂಡರು, ಕರೆದಾಗ ಬರಬೇಕು ಅಂದರು. ಅಲ್ಲಿಂದ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ನಿನ್ನ ಕಾಗದವನ್ನು ರಮಾಮಣಿಗೇ ಕೊಟ್ಟೆ, ಅದು ಅವಳಿಗೆ ಸೇರಬೇಕಾದದ್ದು. ಅವಳು ದಿಂಬಿಗೆ ಒರಗಿಕೊಂಡು ನಿಧಾನವಾಗಿ ಎರಡು ಸಲ ಓದಿದಳು. ಬೈಯುತ್ತಾಳೆ, ಉಗಿಯುತ್ತಾಳೆ ಅಂತ ಕಾದು ನಿಂತಿದ್ದೆ. ನನ್ನ ಮುಖ ಅವಳು ನೋಡಲೇ ಇಲ್ಲ. ಕಾಗದದ ಮೇಲೆ ಬೆರಳಿಟ್ಟಳು.

"ಇವ್ರು ಕಣ್ಣು ಕಟ್ಕೊಂಡು ನೋಡಿದ್ದು ಮಾರ್ಚ್ ಹತ್ತು ಅಂತ ಐತೆ. ಬರ್ದಿರೋದು ಏಪ್ರಿಲ್ ಹನ್ನೊಂದು. ಒಂದು ತಿಂಗಳು ಏನ್ ಮಾಡ್ತಿದ್ರು?"

ನಾನು ಮಾಡಿದ್ದಕ್ಕೆ ನಾನು ಉತ್ತರ ಹೇಳಬೇಕು, ಹೇಳುತ್ತೇನೆ. ಇದು ನಿನ್ನನ್ನು ಕೇಳಿದ್ದು. ಅವಳು ನಿನ್ನ ವಿಳಾಸ ಕೇಳಿದಳು. ಕಾಗದದ ಹಿಂದೆ ಬರೆದುಕೊಟ್ಟು ಬಂದಿದ್ದೇನೆ.

ಅವಳ ಪತ್ರ ಬಂದ ದಿನವೇ ಉತ್ತರ ಬರೆ.

ಶಿವರುದ್ರಪ್ಪ